ಸಾಲದ ಮನೆಗೊಂದು ಲೆಕ್ಕದ ಪುಸ್ತಕ

ಪ್ರವಾದಿವರ್ಯರು(ಸ) ನಮಾಝಿನಲ್ಲಿ ಮಾಡುತ್ತಿದ್ದ ಒಂದು ಪ್ರಾರ್ಥನೆಯನ್ನು ಉಮ್ಮುಲ್ ಮೂಮಿನೀನ್ ಹಝ್ರತ್ ಆಯಿಶಾ(ರ) ವರದಿ ಮಾಡಿರುವರು. ಗೋರಿಯ ಯಾತನೆಯಿಂದ, ದಜ್ಜಾಲನ ಕ್ಷೋಭೆಯಿಂದ, ಜೀವನ ಮರಣಗಳ ಪರೀಕ್ಷೆಯಿಂದ ಅಭಯ ಯಾಚಿಸಿದ ಬಳಿಕ ಅವರು ಪಾಪದಿಂದಲೂ ಸಾಲದಿಂದಲೂ ಅಲ್ಲಾಹನ ಅಭಯ ಬೇಡುತ್ತಿದ್ದರು. ಸಾಲದಿಂದ ತಾವು ಇಷ್ಟೊಂದು ಅಭಯ ಯಾಚಿಸುವುದೇಕೆಂದು ಒಬ್ಬರು ವಿಚಾರಿಸಿದರು. ಅದಕ್ಕೆ ಅವರು ನೀಡಿದ ಉತ್ತರದ ಸಾರವಿದು: ಸಾಲಕ್ಕೆ ಸಿಲುಕಿದ ಮನುಷ್ಯನು ಮಾತನಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ಮುರಿಯುತ್ತಾನೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಹದೀಸ್ ಇದೆ.

ಈ ಉತ್ತರವನ್ನು ಗಮನವಿಟ್ಟು ಅರ್ಥಮಾಡಿಕೊಳ್ಳಬೇಕು. ಸಾಲಗಾರನು ಹಸಿವು, ಅವಮಾನ, ನಿದ್ರೆಗೇಡಿಗೆ ಗುರಿಯಾಗುತ್ತಾನೆಂಬುದು ನಿಜ. ಆದರೆ ಪ್ರವಾದಿವರ್ಯರು(ಸ) ಬೆಟ್ಟು ಮಾಡಿದ್ದು ಅವನ ನಾಲಗೆಯ ಕಡೆಗೆ. ಸುಳ್ಳು ಮತ್ತು ವಚನಭಂಗ ಇವೆರಡೂ ಕಪಟವಿಶ್ವಾಸಿಯ ಲಕ್ಷಣಗಳೆಂದು ಅವರೇ ಬೇರೆಡೆ ಎಚ್ಚರಿಸಿರುವರು. ಅಂದರೆ ಸಾಲವು ಜೇಬಿಗೆ ಸಂಬಂಧಿಸಿದ ಸಂಗತಿಯಾಗಿ ಆರಂಭವಾಗಿ ಈಮಾನಿಗೆ ಸಂಬಂಧಿಸಿದ ಸಂಗತಿಯಾಗಿ ಬೆಳೆಯುತ್ತದೆ.

ಇದು ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಾಗಿಲು ತಟ್ಟಿದ ಸದ್ದಾದರೆ ‘ಅಬ್ಬಾ ಮನೆಯಲ್ಲಿಲ್ಲವೆಂದು ಹೇಳು’ ಎಂದು ಮಗುವಿಗೆ ಕಲಿಸಲಾಗುತ್ತದೆ. ದಿನಸಿ ಅಂಗಡಿಯ ಮುಂದೆ ಹಾದುಹೋಗದಿರಲು ಬೇರೆ ದಾರಿ ಹಿಡಿಯಲಾಗುತ್ತದೆ. ‘ಇನ್‌ಶಾ ಅಲ್ಲಾಹ್, ಬರುವ ಶುಕ್ರವಾರ ಖಂಡಿತ ಕೊಡುತ್ತೇನೆ’ ಎಂಬ ಮಾತನ್ನು ಕೊಡಲಾಗದೆಂದು ಗೊತ್ತಿದ್ದೂ ಆಡಲಾಗುತ್ತದೆ. ಅಲ್ಲಾಹನ ಪವಿತ್ರ ನಾಮವೇ ತಪ್ಪಿಸಿಕೊಳ್ಳುವ ಉಪಾಯವಾಗಿ ಬಿಡುತ್ತದೆ. ಪತಿಯು ಮಾಡಿದ ಸಾಲ ಪತ್ನಿಗೆ ಗೊತ್ತಿರುವುದಿಲ್ಲ. ಪತ್ನಿಯು ಸಂಘದಲ್ಲಿ ಪಡೆದ ಸಾಲ ಪತಿಗೆ ಗೊತ್ತಿರುವುದಿಲ್ಲ. ಒಂದೇ ಚಾಪೆಯಲ್ಲಿ ಕುಳಿತು ಉಣ್ಣುವವರು ಪರಸ್ಪರ ಅಡಗಿಸತೊಡಗುತ್ತಾರೆ.

ಇಂತಹ ಮನೆಯವರಲ್ಲಿ ಅನೇಕರು ಖರ್ಚಿಗೆ ಕಡಿವಾಣ ಹಾಕಲು ಪ್ರಾಮಾಣಿಕವಾಗಿ ಯತ್ನಿಸಿರುತ್ತಾರೆ. ತಿಂಗಳ ಮೊದಲ ದಿನ ಒಂದು ಕಾಗದದಲ್ಲಿ ಆದಾಯ ಬರೆದು, ಖರ್ಚು ಬರೆದು, ಉಳಿದುದನ್ನು ಸಾಲಕ್ಕೆಂದು ನಿಗದಿಪಡಿಸುತ್ತಾರೆ. ಮೊದಲ ತಿಂಗಳು ಸಾಗುತ್ತದೆ. ಎರಡನೆಯ ತಿಂಗಳು ಎಡವುತ್ತದೆ. ಮೂರನೆಯ ತಿಂಗಳು ಆ ಕಾಗದ ಎಲ್ಲಿದೆಯೆಂದೇ ತಿಳಿಯದು. ‘ಇದು ನಮ್ಮಿಂದಾಗದು’ ಎಂಬ ನಿರಾಶೆಯೊಂದಿಗೆ ಮತ್ತೆ ಹಿಂದಿನ ದಾರಿಗೇ ಮರಳುತ್ತಾರೆ. ಇದು ಆಗುವುದೇಕೆ? ಇಸ್ಲಾಮೀ ಶಿಕ್ಷಣದ ಬೆಳಕಿನಲ್ಲಿ ಇದಕ್ಕೆ ಪರಿಹಾರವೇನು? ಈ ಲೇಖನದಲ್ಲಿ ಅದನ್ನು ಪರಿಶೀಲಿಸೋಣ.

ಲೆಕ್ಕವಿಡುವುದು ತವಕ್ಕುಲ್‌ಗೆ ವಿರುದ್ಧವೇ?

ಅನ್ನ ಕೊಡುವವನು ಅಲ್ಲಾಹನು, ಹೀಗಿರುವಾಗ ಕಾಸುಕಾಸಿಗೆ ಲೆಕ್ಕ ಬರೆಯುವುದೇಕೆಂದು ಕೆಲವರು ಕೇಳುವುದುಂಟು. ಪವಿತ್ರ ಕುರ್‌ಆನ್ ಈ ಭಾವನೆಯನ್ನು ಬೆಂಬಲಿಸುವುದಿಲ್ಲ. ಕರುಣಾಮಯನ ದಾಸರ ಗುಣಗಳನ್ನು ವಿವರಿಸುವ ಅಲ್ ಫುರ್ಕಾನ್ ಅಧ್ಯಾಯವು (25:67) ರಾತ್ರಿಯ ನಮಾಝನ್ನು ಪ್ರಸ್ತಾಪಿಸಿದ ಬೆನ್ನಿಗೇ ಅವರ ಖರ್ಚಿನ ರೀತಿಯನ್ನೂ ಪ್ರಸ್ತಾಪಿಸುತ್ತದೆ. ಅವರು ದುಂದುಗಾರರೂ ಅಲ್ಲ, ಜಿಪುಣರೂ ಅಲ್ಲ, ಇವೆರಡರ ನಡುವಿನ ಸಮತೋಲನದಲ್ಲಿರುತ್ತಾರೆ. ಬನೀ ಇಸ್ರಾಈಲ್ ಅಧ್ಯಾಯದಲ್ಲಿ (17:29) ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಲೂ ಬಾರದು, ಪೂರ್ತಿಯಾಗಿ ಚಾಚಿ ಬಿಡಲೂ ಬಾರದೆಂದು ತಿಳಿಸಲಾಗಿದೆ. ಅತ್ತಲಾಕ್ ಅಧ್ಯಾಯವು (65:7) ಇನ್ನೂ ಸ್ಪಷ್ಟವಾಗಿದೆ. ಅನುಕೂಲವಂತನು ತನ್ನ ಅನುಕೂಲಕ್ಕೆ ತಕ್ಕಂತೆ, ಜೀವನಾಧಾರ ಸೀಮಿತವಾಗಿರುವವನು ತನಗೆ ಸಿಕ್ಕಿದ್ದರಲ್ಲೇ ಖರ್ಚು ಮಾಡಬೇಕು. ಕೊಟ್ಟದ್ದಕ್ಕಿಂತ ಹೆಚ್ಚಿನ ಹೊರೆಯನ್ನು ಅಲ್ಲಾಹನು ಯಾರ ಮೇಲೂ ಹೊರಿಸುವುದಿಲ್ಲ.

ಸ್ವತಃ ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ನಿದರ್ಶನವಿದೆ. ಬನೂ ನಝೀರ್‌ನ ಖರ್ಜೂರದ ತೋಟಗಳ ಬೆಳೆಯನ್ನು ಮಾರಿ ಅವರು ತಮ್ಮ ಮನೆಯವರಿಗೆ ಒಂದು ವರ್ಷಕ್ಕಾಗುವಷ್ಟು ಆಹಾರವನ್ನು ತೆಗೆದಿರಿಸುತ್ತಿದ್ದರೆಂದು ಹಝ್ರತ್ ಉಮರ್(ರ) ತಿಳಿಸಿದ್ದಾರೆ. ಈ ವರದಿ ಬುಖಾರಿಯಲ್ಲಿದೆ. ಅಲ್ಲಾಹನಲ್ಲಿ ಅವರಿಗಿಂತ ಹೆಚ್ಚು ಭರವಸೆಯಿಟ್ಟವರು ಯಾರಿದ್ದಾರೆ? ಆದರೂ ಅವರು ವರ್ಷದ ಅಗತ್ಯವನ್ನು ಮುಂದಾಗಿ ಅಳೆದರು. ಹಝ್ರತ್ ಯೂಸುಫ್(ಅ) ಈಜಿಪ್ಟಿನಲ್ಲಿ ಬರಗಾಲದ ಏಳು ವರ್ಷಗಳಿಗಾಗಿ ಸುಭಿಕ್ಷದ ಏಳು ವರ್ಷಗಳಲ್ಲೇ ಧಾನ್ಯ ಕೂಡಿಡುವ ಯೋಜನೆ ಹಾಕಿದ್ದನ್ನೂ ಕುರ್‌ಆನ್ (12:47-48) ವಿವರಿಸುತ್ತದೆ. ಮನೆಯ ಲೆಕ್ಕ ಬರೆಯುವುದು ಪ್ರವಾದಿಗಳ ಮಾರ್ಗವೇ ಆಗಿದೆ.

ಮೊದಲ ಹೆಜ್ಜೆ: ಒಟ್ಟು ಎಷ್ಟೆಂದು ತಿಳಿಯುವುದು

ಸಾಲಗಾರರಲ್ಲಿ ಹೆಚ್ಚಿನವರಿಗೆ ತಮ್ಮ ಸಾಲ ಒಟ್ಟು ಎಷ್ಟೆಂಬುದು ತಿಳಿದಿರುವುದಿಲ್ಲ. ಬ್ಯಾಂಕಿನ ಸಾಲ ನೆನಪಿರುತ್ತದೆ, ಭಾವನಿಂದ ತಂದ ಕೈಸಾಲ ಮರೆತಿರುತ್ತದೆ. ಅಡವಿಟ್ಟ ಚಿನ್ನದ ಅಸಲು ಗೊತ್ತಿರುತ್ತದೆ, ಏರಿದ ಬಡ್ಡಿ ಗೊತ್ತಿರುವುದಿಲ್ಲ. ಕೂಡಿಸಿ ನೋಡಲು ಭಯ. ಆದರೆ ಕಾಣದ ಶತ್ರುವಿನೊಡನೆ ಹೋರಾಡುವುದು ಸಾಧ್ಯವಿಲ್ಲ.

ಹಝ್ರತ್ ಉಮರ್(ರ) ಕ್ರಿ.ಶ. 644ರಲ್ಲಿ ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದರು. ವಿಶಾಲ ಸಾಮ್ರಾಜ್ಯದ ಖಲೀಫರಾಗಿದ್ದ ಅವರು ಆ ಘಳಿಗೆಯಲ್ಲಿ ಮಗ ಅಬ್ದುಲ್ಲಾರಿಗೆ(ರ) ಕೊಟ್ಟ ಆದೇಶಗಳಲ್ಲೊಂದು, ತನ್ನ ಮೇಲಿರುವ ಸಾಲವನ್ನು ಲೆಕ್ಕಹಾಕು ಎಂಬುದಾಗಿತ್ತು. ಲೆಕ್ಕ ಮಾಡಿದಾಗ ಅದು ಸುಮಾರು 86,000 ಎಂದು ತಿಳಿಯಿತು. ಮೊದಲು ತನ್ನ ಕುಟುಂಬದ ಸೊತ್ತಿನಿಂದ, ಸಾಲದಿದ್ದರೆ ಬನೂ ಅದೀ ಗೋತ್ರದವರಿಂದ, ಅದೂ ಸಾಲದಿದ್ದರೆ ಕುರೈಶರಿಂದ ಕೇಳಿ ತೀರಿಸಬೇಕೆಂದು ಅವರು ಕ್ರಮವನ್ನೂ ಹೇಳಿದರು. ಬುಖಾರಿಯಲ್ಲಿ ವರದಿಯಾಗಿರುವ ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲು ಒಟ್ಟು ಮೊತ್ತ, ಬಳಿಕ ತೀರಿಸುವ ಕ್ರಮ.

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ನಮಾಝ್ ಅಥವಾ ಉಪವಾಸದ ಕುರಿತಾದುದಲ್ಲ. ಅಲ್ ಬಕರಃ ಅಧ್ಯಾಯದ 282ನೆಯ ಆ ಸೂಕ್ತ ಸಾಲವನ್ನು ಬರೆದಿಡುವ ಕುರಿತಾಗಿದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆಯಲು ಬೇಸರಪಡಬಾರದೆಂದು ಅದರಲ್ಲಿ ಆದೇಶವಿದೆ. ಆದ್ದರಿಂದ ಒಂದು ನೋಟು ಪುಸ್ತಕ ತನ್ನಿರಿ. ಯಾರಿಗೆ, ಎಷ್ಟು, ಯಾವಾಗಿನಿಂದ, ಯಾವಾಗ ಕೊಡಬೇಕು, ಬಡ್ಡಿಯಿದೆಯೇ, ಅಡವೇನು - ಇಷ್ಟನ್ನೂ ಬರೆಯಿರಿ. ಅಂಗಡಿಯ ಐನೂರು ರೂಪಾಯಿಯನ್ನೂ ಬಿಡಬೇಡಿರಿ. ನಾಳೆ ಮರಣ ಬಂದರೆ ವಾರಸುದಾರರಿಗೆ ಈ ಪುಸ್ತಕವೇ ಆಧಾರ. ಏಕೆಂದರೆ ಆಸ್ತಿಯ ಪಾಲಾಗುವುದು ವಸಿಯ್ಯತ್ ಮತ್ತು ಸಾಲ ತೀರಿದ ಬಳಿಕವೇ ಎಂದು ಅನ್ನಿಸಾ ಅಧ್ಯಾಯದಲ್ಲಿ (4:11-12) ಮತ್ತೆ ಮತ್ತೆ ಹೇಳಲಾಗಿದೆ.

ಲೆಕ್ಕ ಮುರಿಯುವುದೆಲ್ಲಿ?

ಈಗ ಮೂಲ ಪ್ರಶ್ನೆಗೆ ಬರೋಣ. ಬರೆದ ಲೆಕ್ಕ ಉಳಿಯದಿರುವುದೇಕೆ? ಮನಸ್ಸಿನ ದೌರ್ಬಲ್ಯವೇ ಕಾರಣವೆಂದು ಭಾವಿಸಿ ಜನರು ತಮ್ಮನ್ನು ತಾವೇ ಹಳಿಯುತ್ತಾರೆ. ಎಷ್ಟೋ ಸಲ ತಪ್ಪಿರುವುದು ಲೆಕ್ಕದಲ್ಲೇ ಆಗಿರುತ್ತದೆ. ಒಂದು ಉದಾಹರಣೆಯನ್ನು ನೋಡೋಣ.

ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬವೆಂದು ಊಹಿಸಿರಿ. ಪತಿಯ ಸಂಬಳ 22,000 ರೂಪಾಯಿ. ಪತ್ನಿ ಹೊಲಿಗೆಯಿಂದ ಗಳಿಸುವ 3,000 ರೂಪಾಯಿಯನ್ನು ಸ್ವಇಚ್ಛೆಯಿಂದ ಮನೆಗೆ ಕೊಡುತ್ತಾಳೆ. ಒಟ್ಟು 25,000. ಬಾಡಿಗೆ 6,000, ದಿನಸಿ 7,500, ಹಾಲು ತರಕಾರಿ ಮೀನು 3,000, ವಿದ್ಯುತ್ ನೀರು ಗ್ಯಾಸ್ 1,500, ಮಕ್ಕಳ ಶಾಲೆಯ ವಾಹನ ಮತ್ತಿತರ ಖರ್ಚು 1,500, ಪತಿಯ ಓಡಾಟ 1,500, ಔಷಧಿ 500, ಫೋನ್ 500. ಒಟ್ಟು ಖರ್ಚು 22,000. ಉಳಿಕೆ 3,000. ಸಾಲದ ಪಟ್ಟಿ ಹೀಗಿದೆ: ಖಾಸಗಿ ಫೈನಾನ್ಸ್‌ನಿಂದ 40,000, ಪತ್ನಿಯ ಚಿನ್ನವನ್ನು ಬ್ಯಾಂಕಿನಲ್ಲಿ ಅಡವಿಟ್ಟು ತಂದ 60,000, ಭಾವನಿಂದ ಬಡ್ಡಿಯಿಲ್ಲದೆ ಪಡೆದ 50,000, ಅಂಗಡಿಯ ಬಾಕಿ 10,000. ಒಟ್ಟು 1,60,000. ತಿಂಗಳಿಗೆ 3,000 ಕೊಡುತ್ತಾ ಹೋದರೆ ಹೇಗೂ ತೀರುತ್ತದೆಂದು ಅವರು ಸಮಾಧಾನಪಡುತ್ತಾರೆ.

ಆದರೆ ಈ ಲೆಕ್ಕದಲ್ಲಿ ಎರಡು ಸಂಗತಿಗಳು ಬಿಟ್ಟು ಹೋಗಿವೆ. ಮೊದಲನೆಯದು ವರ್ಷಕ್ಕೊಮ್ಮೆ ಬರುವ ಖರ್ಚು. ಜೂನ್‌ನಲ್ಲಿ ಶಾಲೆಯ ಶುಲ್ಕ ಮತ್ತು ಪುಸ್ತಕಕ್ಕೆ 8,000, ಎರಡು ಈದ್‌ಗಳಿಗೆ 8,000, ಸಂಬಂಧಿಕರ ಮದುವೆಗಳಿಗೆ 4,000, ಹಠಾತ್ ಕಾಯಿಲೆಗೆ 4,000. ವರ್ಷಕ್ಕೆ 24,000, ಅಂದರೆ ತಿಂಗಳಿಗೆ 2,000. ಇವು ಅನಿರೀಕ್ಷಿತವೆಂದು ನಾವು ಹೇಳುತ್ತೇವೆ. ಆದರೆ ಈದ್ ಬರುವುದು ಯಾರಿಗೆ ತಿಳಿದಿಲ್ಲ? ಇದನ್ನು ಕಳೆದರೆ ನಿಜವಾದ ಉಳಿಕೆ 1,000 ಮಾತ್ರ.

ಎರಡನೆಯದು ಬಡ್ಡಿ. ಫೈನಾನ್ಸ್‌ನವರು ‘ನೂರಕ್ಕೆ ಮೂರು ರೂಪಾಯಿ’ ಎಂದಾಗ ಅದು ಹಗುರಾಗಿ ಕೇಳಿಸುತ್ತದೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ. 36 ಆಯಿತು. 40,000ಕ್ಕೆ ತಿಂಗಳಿಗೆ 1,200 ಬಡ್ಡಿ. ಚಿನ್ನದ ಸಾಲಕ್ಕೆ ನೂರಕ್ಕೆ ಒಂದರಂತೆ ಹಿಡಿದರೂ 600. ಎರಡೂ ಸೇರಿ 1,800. ಉಳಿಯುವುದು 1,000, ಬಡ್ಡಿಯೇ 1,800. ಈ ಕುಟುಂಬ ಒಂದು ರೂಪಾಯಿ ದುಂದು ಮಾಡದಿದ್ದರೂ ಪ್ರತಿ ತಿಂಗಳು 800 ರೂಪಾಯಿಯಷ್ಟು ಇನ್ನೂ ಆಳಕ್ಕಿಳಿಯುತ್ತಿದೆ. ಚಹಾದ ಸಕ್ಕರೆ ಕಡಿಮೆ ಮಾಡಿ ಈ ಮನೆಯನ್ನು ಉಳಿಸಲಾಗದು.

ಬಡ್ಡಿಯನ್ನು ತೊರೆಯದವರು ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಕಡೆಯಿಂದ ಯುದ್ಧದ ಎಚ್ಚರಿಕೆ ಪಡೆದಿರುವರೆಂದು ಅಲ್ ಬಕರಃ (2:279) ಹೇಳಿರುವುದು ಸಾಮಾನ್ಯ ಮಾತಲ್ಲ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿಗಳನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ ಹದೀಸ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಹೊಸದಾಗಿ ಬಡ್ಡಿಯ ಬಾಗಿಲು ತಟ್ಟದಿರುವುದು, ಈಗಾಗಲೇ ಸಿಲುಕಿರುವ ಬಡ್ಡಿಯ ಸಾಲವನ್ನು ಎಲ್ಲಕ್ಕಿಂತ ಮೊದಲು ಮುಗಿಸುವುದು ಲೆಕ್ಕದ ದೃಷ್ಟಿಯಿಂದಲೂ ದೀನ್‌ನ ದೃಷ್ಟಿಯಿಂದಲೂ ಅತಿ ಅಗತ್ಯ. ಇಂದು ಮೊಬೈಲ್ ಫೋನಿನಲ್ಲೇ ಕೆಲವು ನಿಮಿಷಗಳೊಳಗೆ ಸಾಲ ಸಿಗುತ್ತದೆ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ಪಡೆಯುವುದು ಬಾವಿಯಿಂದ ಮೇಲೇರಲು ಬಾವಿಯನ್ನೇ ಅಗೆದಂತೆ.

ಪತ್ನಿಯ ಚಿನ್ನ ಮತ್ತು ಪತಿಯ ಸಾಲ

ಮೇಲಿನ ಕುಟುಂಬಕ್ಕೆ ದಾರಿಯೇನು? ಅಡವಿಟ್ಟ ಚಿನ್ನದ ಇಂದಿನ ಬೆಲೆ 1,10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದನ್ನು ಬಿಡಿಸಿ ಮಾರಿದರೆ ಬ್ಯಾಂಕಿನ 60,000 ತೀರಿ 50,000 ಉಳಿಯುತ್ತದೆ. ಅದರಿಂದ ಫೈನಾನ್ಸ್‌ನ 40,000 ಮತ್ತು ಅಂಗಡಿಯ 10,000 ತೀರುತ್ತದೆ. ಬಡ್ಡಿ ಪೂರ್ತಿಯಾಗಿ ನಿಲ್ಲುತ್ತದೆ. ಹೊರಗಿನವರಿಗೆ ಉಳಿಯುವುದು ಭಾವನ 50,000 ಮಾತ್ರ. ನಿಜವಾದ ಉಳಿಕೆ 1,000ದ ಜೊತೆ ಖರ್ಚಿನಲ್ಲಿ ಇನ್ನೊಂದು 1,000 ತಗ್ಗಿಸಿದರೆ ತಿಂಗಳಿಗೆ 2,000ದಂತೆ 25 ತಿಂಗಳುಗಳಲ್ಲಿ ಅದೂ ಮುಗಿಯುತ್ತದೆ.

ಆದರೆ ಆ ಚಿನ್ನ ಯಾರದು? ಮಹ್ರ್ ಆಗಿ ಸಿಕ್ಕಿರಲಿ, ತವರಿನವರು ಉಡುಗೊರೆಯಾಗಿ ಕೊಟ್ಟಿರಲಿ, ಅದು ಪತ್ನಿಯ ಸೊತ್ತು. ಪತಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ಅವಳು ಸಂತೋಷದಿಂದ ಬಿಟ್ಟುಕೊಟ್ಟರೆ ಮಾತ್ರ ಅವನು ಮಹ್ರ್‌ನಿಂದ ಅನುಭವಿಸಬಹುದೆಂದು ಕುರ್‌ಆನ್ (4:4) ಅನುಮತಿಸಿದೆ. ಮುಖ ಗಂಟಿಕ್ಕಿ, ಅತ್ತೆ ಮಾವಂದಿರಿಂದ ಹೇಳಿಸಿ, ‘ನಿನಗೆ ನನಗಿಂತ ಚಿನ್ನವೇ ದೊಡ್ಡದೇ’ ಎಂದು ಚುಚ್ಚಿ ಪಡೆದುದು ಸಂತೋಷದ ಕೊಡುಗೆಯಲ್ಲ. ಅವಳು ದಾನವಾಗಿ ಕೊಟ್ಟರೆ ಅದು ಅವಳ ಔದಾರ್ಯ. ಸಾಲವಾಗಿ ಕೊಟ್ಟರೆ ಎಷ್ಟು ಪವನ್ ಎಂಬುದನ್ನು ಅದೇ ಪುಸ್ತಕದಲ್ಲಿ ಬರೆಯಬೇಕು. ಭಾವನ ಸಾಲ ತೀರಿದ ಮರು ತಿಂಗಳಿನಿಂದ ಅವಳ ಸಾಲ ತೀರಿಸತೊಡಗಬೇಕು. ಹೊರಗಿನವರ ಸಾಲ ಸಾಲವೂ ಪತ್ನಿಯ ಸಾಲ ‘ಮನೆಯ ವಿಷಯ’ವೂ ಆಗುವುದು ಅನ್ಯಾಯ.

ಲೆಕ್ಕವನ್ನು ಇಬ್ಬರೂ ಕುಳಿತು ಮಾಡಬೇಕೆನ್ನುವುದು ಇದೇ ಕಾರಣಕ್ಕೆ. ಪತಿ ಒಬ್ಬನೇ ಬರೆದು ಪತ್ನಿಯ ಕೈಗೆ ಕೊಡುವ ಪಟ್ಟಿ ಆಜ್ಞೆಯಾಗುತ್ತದೆ, ಲೆಕ್ಕವಾಗುವುದಿಲ್ಲ. ಅಕ್ಕಿ ಎಷ್ಟು ದಿನಕ್ಕೆ ಮುಗಿಯುತ್ತದೆ, ಗ್ಯಾಸ್ ಎಷ್ಟು ವಾರ ಬರುತ್ತದೆಂದು ಬಲ್ಲವಳು ಅವಳು. ಪತಿ ಅಗತ್ಯಕ್ಕೆ ಸಾಕಾಗುವಷ್ಟು ಕೊಡುವುದಿಲ್ಲವೆಂದು ಹಝ್ರತ್ ಹಿಂದ್(ರ) ದೂರಿದಾಗ, ತನಗೂ ಮಗುವಿಗೂ ವಾಡಿಕೆಯಂತೆ ಸಾಕಾಗುವಷ್ಟನ್ನು ತೆಗೆದುಕೊಳ್ಳಲು ಪ್ರವಾದಿವರ್ಯರು(ಸ) ಅವರಿಗೆ ಅನುಮತಿ ನೀಡಿದರು. ಮನೆಯ ಅಗತ್ಯವೆಂಬುದು ಪತಿಯ ದಯೆಯಲ್ಲ, ಹಕ್ಕು ಎಂಬುದು ಇದರಿಂದ ಸ್ಪಷ್ಟ. ಮಕ್ಕಳ ಹೊಟ್ಟೆ ಕಟ್ಟಿ ಸಾಲ ತೀರಿಸುವ ಲೆಕ್ಕವೂ ಹೆಚ್ಚು ದಿನ ಬಾಳದು.

ಯಾವುದು ಮೊದಲು, ಯಾವುದು ಬಳಿಕ?

ಸಾಲಗಾರನ ಕೈಯಲ್ಲಿರುವ ಹಣದಲ್ಲಿ ಮನೆಯವರ ಅಗತ್ಯ ಕಳೆದು ಉಳಿದುದರ ಮೇಲೆ ಸಾಲ ಕೊಟ್ಟವನ ಹಕ್ಕಿದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟರೆ ಅನೇಕ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಐಚ್ಛಿಕ ದಾನಕ್ಕಿಂತಲೂ ಸಾಲ ತೀರಿಸುವುದೇ ಹೆಚ್ಚು ಹಕ್ಕುಳ್ಳದ್ದೆಂದು ಇಮಾಮ್ ಬುಖಾರಿ(ರಹ್) ತಮ್ಮ ಗ್ರಂಥದ ಝಕಾತ್ ಭಾಗದ ಒಂದು ಅಧ್ಯಾಯದ ಶೀರ್ಷಿಕೆಯಲ್ಲೇ ಸ್ಪಷ್ಟಪಡಿಸಿದ್ದಾರೆ. ದಾನದ ಸ್ಥಿತಿಯೇ ಹೀಗಿರುವಾಗ, ಸಾಲಿಗನಿಗೆ ಅವಧಿ ಮೀರಿದ ಹಣ ಬಾಕಿಯಿರಿಸಿ ಐಚ್ಛಿಕ ಉಮ್ರಾಕ್ಕೆ ಹೊರಡುವುದು, ಇಫ್ತಾರ್ ಕೂಟ ಏರ್ಪಡಿಸುವುದು, ಮನೆಗೆ ಹೊಸ ಸೋಫಾ ತರುವುದು ಎಷ್ಟು ಸರಿ? ಸಾಮರ್ಥ್ಯವಿದ್ದೂ ಸಾಲ ಮರುಪಾವತಿಗೆ ಸತಾಯಿಸುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದಿರುವರು. ಅಲ್ಲಾಹನ ಮಾರ್ಗದಲ್ಲಿ ಹುತಾತ್ಮನಾದವನ ಎಲ್ಲ ಪಾಪಗಳೂ ಕ್ಷಮಿಸಲ್ಪಡುವುವು, ಸಾಲದ ಹೊರತು ಎಂಬ ಮುಸ್ಲಿಮ್‌ನ ಹದೀಸನ್ನು ಓದಿದವರಿಗೆ ಇದರ ಗಾಂಭೀರ್ಯ ಅರ್ಥವಾಗದಿರದು.

ನಮ್ಮಲ್ಲಿ ಲೆಕ್ಕವನ್ನು ಅತಿ ಹೆಚ್ಚು ಮುರಿಯುವುದು ಮದುವೆ. ‘ನಾಲ್ಕು ಜನ ಏನೆಂದಾರು’ ಎಂಬ ಭಯಕ್ಕೆ ಎಷ್ಟೋ ಕುಟುಂಬಗಳು ಹತ್ತು ವರ್ಷ ಬಡ್ಡಿ ಕಟ್ಟುತ್ತಿವೆ. ಆ ನಾಲ್ಕು ಜನ ಬಿರಿಯಾನಿ ಉಂಡು ಕೈ ತೊಳೆದು ಹೋಗುತ್ತಾರೆ. ಕಂತು ಕಟ್ಟಲು ಯಾರೂ ಬರುವುದಿಲ್ಲ. ಹಝ್ರತ್ ಸಫಿಯ್ಯಾರ(ರ) ವಿವಾಹದ ವಲೀಮಾದಲ್ಲಿ ರೊಟ್ಟಿಯಾಗಲಿ ಮಾಂಸವಾಗಲಿ ಇರಲಿಲ್ಲ. ಚರ್ಮದ ಹಾಸು ಹಾಸಿ ಖರ್ಜೂರ, ಒಣಗಿನ ಗಟ್ಟಿ ಮತ್ತು ತುಪ್ಪ ಬಡಿಸಲಾಯಿತೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಅದು ಅಲ್ಲಾಹನ ಸಂದೇಶವಾಹಕರ ವಲೀಮಾ ಆಗಿತ್ತು. ಸೌಕರ್ಯಗಳ ವಿಷಯದಲ್ಲಿ ತಮಗಿಂತ ಮೇಲಿನವರನ್ನು ನೋಡದೆ ಕೆಳಗಿನವರನ್ನು ನೋಡಿರೆಂಬ ಪ್ರವಾದಿ ಬೋಧನೆಯೇ ಮನೆಯ ಖರ್ಚಿಗೆ ಅತ್ಯುತ್ತಮ ಕಾವಲುಗಾರ.

ಖರ್ಚು ತಗ್ಗಿಸುವುದಕ್ಕೆ ಒಂದು ಮಿತಿಯಿದೆ. ಆದ್ದರಿಂದ ಆದಾಯದ ಬಗ್ಗೆಯೂ ಯೋಚಿಸಬೇಕು. ಬೇಡಲು ಬಂದ ಒಬ್ಬ ಅನ್ಸಾರೀ ವ್ಯಕ್ತಿಯ ಮನೆಯಲ್ಲಿದ್ದ ಕಂಬಳಿ ಮತ್ತು ಪಾತ್ರೆಯನ್ನು ಪ್ರವಾದಿವರ್ಯರು(ಸ) ಎರಡು ದಿರ್ಹಮ್‌ಗೆ ಹರಾಜು ಹಾಕಿದ ಘಟನೆ ಅಬೂದಾವೂದ್‌ನಲ್ಲಿದೆ. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಹದಿನೈದು ದಿನ ಕಟ್ಟಿಗೆ ಕಡಿದು ಮಾರಿ ಆತ ಹತ್ತು ದಿರ್ಹಮ್ ಗಳಿಸಿದ. ಎರಡೇ ದಿರ್ಹಮ್‌ನ ಆ ಲೆಕ್ಕದಲ್ಲಿ ಅರ್ಧ ಹೊಟ್ಟೆಗೆ, ಅರ್ಧ ದುಡಿಮೆಗೆ ಮೀಸಲಾಗಿತ್ತು. ಮನೆಯಲ್ಲಿ ಉಪಯೋಗಕ್ಕಿಲ್ಲದೆ ಬಿದ್ದಿರುವ ವಸ್ತುಗಳನ್ನು ಮಾರುವುದು, ದೊಡ್ಡ ಮಕ್ಕಳು ಕಸುಬೊಂದನ್ನು ಕಲಿಯುವುದು, ಇವುಗಳಲ್ಲಿ ನಾಚಿಕೆಪಡುವಂತಹದು ಏನೂ ಇಲ್ಲ.

ಲೆಕ್ಕ ಮುರಿದ ತಿಂಗಳು

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಒಂದು ತಿಂಗಳು ಲೆಕ್ಕ ಮುರಿಯುತ್ತದೆ. ಮಗುವಿಗೆ ಜ್ವರ ಬರಬಹುದು, ಅತಿಥಿಗಳು ಬರಬಹುದು, ಮನಸ್ಸು ಸೋತು ಬೇಡದ ವಸ್ತು ಕೊಂಡಿರಲೂಬಹುದು. ಶೈತಾನನು ಕಾಯುವುದು ಈ ತಿಂಗಳನ್ನೇ. ‘ಹೇಗೂ ಮುರಿಯಿತು, ಇನ್ನೇಕೆ?’ ಎಂದು ಅವನು ಪಿಸುಗುಟ್ಟುತ್ತಾನೆ. ಒಂದು ಹೊತ್ತಿನ ನಮಾಝ್ ತಪ್ಪಿದವನು ಮುಂದಿನ ಹೊತ್ತಿನದನ್ನೂ ಬಿಟ್ಟುಬಿಡುತ್ತಾನೆಯೇ? ತಪ್ಪಿದ್ದನ್ನು ಕಝಾ ಮಾಡಿ, ಪಶ್ಚಾತ್ತಾಪಪಟ್ಟು, ಮುಂದಿನದನ್ನು ಸಮಯಕ್ಕೆ ನಿರ್ವಹಿಸುತ್ತಾನೆ. ಲೆಕ್ಕದ ವಿಷಯವೂ ಹೀಗೆಯೇ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ, ಸ್ವಲ್ಪವಾದರೂ ನಿರಂತರವಾಗಿ ಮಾಡುವ ಕರ್ಮ ಎಂಬ ಹದೀಸನ್ನು ಸಾಲಗಾರನು ತನ್ನ ಪುಸ್ತಕದ ಮೊದಲ ಪುಟದಂತೆ ಭಾವಿಸಬೇಕು. 2,000 ಕೊಡಲಾಗದ ತಿಂಗಳು 300 ಕೊಡಿರಿ. ಆದರೆ ಕೊಡಿರಿ, ಮತ್ತು ಬರೆಯಿರಿ.

ನಿತ್ಯದ ಅಭ್ಯಾಸಕ್ಕೆ ಕೆಲವು ಸರಳ ಉಪಾಯಗಳಿವೆ. ಇಶಾ ನಮಾಝಿನ ಬಳಿಕ ಐದು ನಿಮಿಷ ಅಂದಿನ ಖರ್ಚು ಬರೆಯುವುದು. ವರ್ಷದ ಖರ್ಚಿನ ತಿಂಗಳ ಪಾಲನ್ನು ಸಂಬಳ ಬಂದ ದಿನವೇ ಬೇರೆ ಡಬ್ಬಿಗೆ ಹಾಕುವುದು. ಫೋನ್ ಒತ್ತಿ ಹಣ ಕೊಡುವಾಗ ಕೈಯಿಂದ ಹೋದದ್ದು ಮನಸ್ಸಿಗೆ ನಾಟುವುದಿಲ್ಲವಾದ್ದರಿಂದ ವಾರದ ಸಂತೆ ಖರ್ಚನ್ನು ನಗದಾಗಿ ತೆಗೆದಿರಿಸಿ, ಅದು ಮುಗಿದರೆ ಮುಗಿಯಿತೆಂದು ತೀರ್ಮಾನಿಸುವುದು. ಮಕ್ಕಳಿಂದಲೂ ಮುಚ್ಚಿಡಬೇಕಾಗಿಲ್ಲ. ‘ಈ ವರ್ಷ ನಾವು ಒಂದು ಅಮಾನತ್ ತೀರಿಸುತ್ತಿದ್ದೇವೆ’ ಎಂದು ತಿಳಿಸಿದರೆ ಅವರು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ.

ಕೊಡಲಾಗದಿದ್ದರೆ ಮುಖ ತಪ್ಪಿಸಬೇಡಿರಿ

ಲೆಕ್ಕ ಬರೆದ ಬಳಿಕ ನಿಗದಿತ ದಿನಕ್ಕೆ ಕೊಡಲಾಗದೆಂದು ತಿಳಿದರೆ ಏನು ಮಾಡಬೇಕು? ಅವಧಿ ಬರುವ ಮುನ್ನವೇ ಸಾಲ ಕೊಟ್ಟವರ ಬಳಿ ಹೋಗಿ ಪುಸ್ತಕ ತೆರೆದು ತೋರಿಸಬೇಕು. ಇಷ್ಟು ಆದಾಯ, ಇಷ್ಟು ಅಗತ್ಯ, ತಿಂಗಳಿಗೆ ಇಷ್ಟು ಕೊಡಬಲ್ಲೆ ಎಂದು ಹೇಳಬೇಕು. ಲೇಖನದ ಆರಂಭದ ಹದೀಸ್ ಎಚ್ಚರಿಸಿದ ಸುಳ್ಳು ಮತ್ತು ವಚನಭಂಗ ಎರಡರಿಂದಲೂ ಪಾರಾಗುವ ದಾರಿ ಇದುವೇ. ಲೆಕ್ಕ ಗೊತ್ತಿರುವವನು ಸುಳ್ಳು ವಾಯಿದೆ ಕೊಡಬೇಕಾಗಿಲ್ಲ. ತೀರಿಸುವ ಉದ್ದೇಶದಿಂದ ಜನರ ಹಣ ಪಡೆದವನ ಪರವಾಗಿ ಅಲ್ಲಾಹನು ತೀರಿಸುವನು, ನಾಶಪಡಿಸುವ ಉದ್ದೇಶದಿಂದ ಪಡೆದವನನ್ನು ಅಲ್ಲಾಹನು ನಾಶಪಡಿಸುವನು ಎಂಬ ಶುಭವಾರ್ತೆ ಮತ್ತು ಎಚ್ಚರಿಕೆ ಬುಖಾರಿಯಲ್ಲಿದೆ. ಉದ್ದೇಶಕ್ಕೆ ಸಾಕ್ಷಿ ಈ ಪುಸ್ತಕ.

ಸಾಲ ಕೊಟ್ಟವರಿಗೂ ಹೊಣೆಯಿದೆ. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವಧಿ ಕೊಡಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮವೆಂದು ಕುರ್‌ಆನ್ (2:280) ಆದೇಶಿಸಿದೆ. ಹಣ್ಣಿನ ಬೆಳೆ ಕೊಂಡು ನಷ್ಟಕ್ಕೀಡಾಗಿ ಭಾರೀ ಸಾಲದಲ್ಲಿ ಮುಳುಗಿದ ಒಬ್ಬರಿಗೆ ದಾನ ಮಾಡಲು ಪ್ರವಾದಿವರ್ಯರು(ಸ) ಜನರಿಗೆ ಹೇಳಿದರು. ಜನರು ಕೊಟ್ಟರು. ಆದರೂ ಸಾಲಕ್ಕೆ ಸಾಕಾಗಲಿಲ್ಲ. ಆಗ ಅವರು ಸಾಲ ಕೊಟ್ಟವರನ್ನುದ್ದೇಶಿಸಿ, ಸಿಕ್ಕಿದ್ದನ್ನು ತೆಗೆದುಕೊಳ್ಳಿರಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂಬ ಅರ್ಥದ ತೀರ್ಪು ನೀಡಿದರು. ಹಝ್ರತ್ ಅಬೂ ಸಈದ್ ಅಲ್ ಖುದ್ರೀ(ರ) ಇದನ್ನು ವರದಿ ಮಾಡಿದ್ದಾರೆ. ಸಾಲಗಾರನ ಪ್ರಯತ್ನ, ಸಮಾಜದ ನೆರವು, ಸಾಲ ಕೊಟ್ಟವನ ರಿಯಾಯಿತಿ - ಈ ಮೂರೂ ಒಟ್ಟಾಗಿ ನಡೆದುದನ್ನು ಇಲ್ಲಿ ಗಮನಿಸಬೇಕು.

ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರೆಂದು ಅತ್ತೌಬಾ ಅಧ್ಯಾಯ (9:60) ಹೇಳುತ್ತದೆ. ನಮ್ಮ ಜಮಾಅತ್‌ಗಳು ರಮಝಾನಿನಲ್ಲಿ ಕಿಟ್ ಹಂಚುವಾಗ ಈ ವಿಭಾಗವನ್ನು ಮರೆಯುವುದೇ ಹೆಚ್ಚು. ಒಂದು ಊರಿನಲ್ಲಿ ವರ್ಷಕ್ಕೆ ಎರಡೇ ಕುಟುಂಬಗಳನ್ನು ಬಡ್ಡಿಯಿಂದ ಪೂರ್ತಿಯಾಗಿ ಬಿಡಿಸಿದರೂ ಅದು ನೂರು ಕಿಟ್‌ಗಳಿಗಿಂತ ದೀರ್ಘಕಾಲದ ಉಪಕಾರ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ನಿಂತು ಅವಮಾನಿಸಿದರೆ ಹೆದರಿ ಕೂರಬೇಕಾಗಿಯೂ ಇಲ್ಲ. ಸಣ್ಣ ಸಾಲಗಳ ವಸೂಲಿಯಲ್ಲಿನ ಕಿರುಕುಳ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಪೊಲೀಸರಿಗೆ ದೂರು ಕೊಡುವ ಹಕ್ಕು ಸಾಲಗಾರನಿಗೂ ಇದೆ. ಸಾಲದ ನೋವಿನಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದವರು ತಕ್ಷಣ ಮನೆಯವರಲ್ಲೋ ನಂಬಿಕಸ್ಥ ಸ್ನೇಹಿತರಲ್ಲೋ ಮಸೀದಿಯ ಇಮಾಮರಲ್ಲೋ ಹೇಳಿಕೊಳ್ಳಬೇಕು. ಪ್ರಾಣವೂ ಅಲ್ಲಾಹನ ಅಮಾನತ್. ಅದನ್ನು ಕಳೆದುಕೊಂಡರೆ ಯಾವ ಸಾಲವೂ ತೀರುವುದಿಲ್ಲ.

ಹಝ್ರತ್ ಜಾಬಿರ್‌ರ(ರ) ತಂದೆ ಉಹುದ್ ಯುದ್ಧದಲ್ಲಿ ಹುತಾತ್ಮರಾದಾಗ ಬಹಳಷ್ಟು ಸಾಲವನ್ನೂ ಹೆಣ್ಣುಮಕ್ಕಳನ್ನೂ ಬಿಟ್ಟು ಹೋಗಿದ್ದರು. ತೋಟದ ಫಸಲು ಸಾಲಕ್ಕೆ ಎಲ್ಲಿಯೂ ಸಾಲದಂತೆ ಕಾಣುತ್ತಿತ್ತು. ಪ್ರವಾದಿವರ್ಯರು(ಸ) ಅವರಿಗೆ ಖರ್ಜೂರವನ್ನು ಜಾತಿವಾರು ಬೇರೆ ಬೇರೆ ರಾಶಿ ಹಾಕಲು ಹೇಳಿದರು. ಬಳಿಕ ಬಂದು ಕುಳಿತು ಸಾಲ ಕೊಟ್ಟವರಿಗೆ ಒಬ್ಬೊಬ್ಬರಿಗಾಗಿ ಅಳೆದು ಕೊಡಿಸಿದರು. ಎಲ್ಲರ ಸಾಲ ತೀರಿದ ಬಳಿಕವೂ ಖರ್ಜೂರ ಹಾಗೆಯೇ ಉಳಿದಿತ್ತು. ಬರಕತ್ ಅಲ್ಲಾಹನದು. ಆದರೆ ರಾಶಿ ಹಾಕುವ ಮತ್ತು ಅಳೆಯುವ ಕೆಲಸವನ್ನು ಜಾಬಿರ್(ರ) ಮಾಡಿದ್ದರು. ನಮ್ಮ ಪಾಲಿನ ಕೆಲಸವೂ ಅಷ್ಟೇ. ಇರುವುದನ್ನು ಬೇರೆ ಬೇರೆಯಾಗಿ ಇರಿಸೋಣ, ಪ್ರಾಮಾಣಿಕವಾಗಿ ಅಳೆಯೋಣ, ಹಕ್ಕುಳ್ಳವರಿಗೆ ಕೊಡೋಣ. ಹರಾಮ್‌ನ ಅಗತ್ಯ ಬೀಳದಂತೆ ಹಲಾಲ್‌ನಲ್ಲೇ ತೃಪ್ತಿಯನ್ನೂ, ತನ್ನ ಹೊರತು ಇನ್ನಾರ ಮುಂದೆಯೂ ಕೈಚಾಚದ ಸ್ವಾವಲಂಬನೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.